ಸ್ವೆಟರು ಒಗೆಯಬೇಡ, ಅಕ್ಕ

ಸೆಪ್ಟೆಂಬರ್ ೬

ಪ್ರೀತಿಯ ಅಕ್ಕ,

ತಲುಪಿದೆ. ಕೈಕಾಲು, ಪೆಟ್ಟಿಗೆ, ನೀನು ಹೊಲಿದುಕೊಟ್ಟ ಬಟ್ಟೆ ಎಲ್ಲ ನೆಟ್ಟಗಿವೆ. ಮನಸ್ಸೊಂದು ಬಸ್ ನಿಲ್ದಾಣದಲ್ಲೇ ಇಳಿದುಕೊಂಡಿತು. ಅದನ್ನು ನಿನ್ನ ಹತ್ತಿರ ಇಟ್ಟುಕೊಂಡಿರು, ಬಂದಾಗ ತೆಗೆದುಕೊಳ್ಳುತ್ತೇನೆ.

ಈ ಪರದೇಶದಲ್ಲಿ ಬಾಗಿಲುಗಳು ತಮ್ಮಷ್ಟಕ್ಕೆ ತಾವೇ ಮುಚ್ಚಿಕೊಳ್ಳುತ್ತವೆ. ಬಂದ ಮರುದಿನವೇ ಹಾಲು ತರೋಣವೆಂದು ಹೊರಗೆ ಕಾಲಿಟ್ಟೆ. ಬೀಗದ ಕೈ ಒಳಗೆ, ನಾನು ಹೊರಗೆ. ಮೆಟ್ಟಿಲ ಮೇಲೆ ಕೂತೆ. ಹತ್ತಿ ಇಳಿದವರೆಲ್ಲ ನನಗೊಂದು ನಗು ಕೊಟ್ಟು ಹೋದರು. ಯಾಕಮ್ಮ ಇಲ್ಲಿ ಕೂತಿದ್ದೀಯ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಬೀದಿಯಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನನ್ನ ಜಾತಕವನ್ನೇ ಜಾಲಾಡಿರುತ್ತಿದ್ದರು. ಕೊನೆಗೆ ಮನೆಯ ಒಡತಿ ಬಂದರು, ಬಾಗಿಲು ತೆಗೆದರು, ಮರುದಿನ ಬೆಳಿಗ್ಗೆ ಒಂದು ದಾರಕ್ಕೆ ಬೀಗದ ಕೈ ಪೋಣಿಸಿ ನನ್ನ ಕೊರಳಿಗೆ ಹಾಕಿದರು. ಈಗ ನಾನು ಗಂಟೆ ಕಟ್ಟಿದ ಕರುವಿನ ಹಾಗೆ ಓಡಾಡುತ್ತಿದ್ದೇನೆ.

ಕಾಲೇಜು ನಮ್ಮದಕ್ಕಿಂತ ದೊಡ್ಡದೇನಲ್ಲ. ಒಂದು ವರ್ಷದ ಮಟ್ಟಿಗೆ ಇಲ್ಲಿಂದ ಒಬ್ಬಳು ನಮ್ಮ ಕಾಲೇಜಿಗೆ, ಅಲ್ಲಿಂದ ನಾನು ಇಲ್ಲಿಗೆ. ಹಳೆ ಬಟ್ಟೆ ಕೊಟ್ಟು ಪಾತ್ರೆ ತೆಗೆದುಕೊಂಡ ಹಾಗೆ. ನಾನು ಬಟ್ಟೆಯೋ ಪಾತ್ರೆಯೋ ಇನ್ನೂ ಗೊತ್ತಾಗಿಲ್ಲ. ಬೆಳಿಗ್ಗೆ ಪಾಠ, ಮಧ್ಯಾಹ್ನ ಕಾಲೇಜಿನದೇ ಶಿಶುವಿಹಾರದಲ್ಲಿ ಕೆಲಸ. ಮಕ್ಕಳ ಟೀಚರ್ ಆಗಲು ಬಂದವಳು ತನ್ನ ಮಗುವನ್ನು ಬಿಟ್ಟುಬಂದಿದ್ದಾಳೆ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಕೋಣೆಯ ಮಂಚ ಒಬ್ಬರಿಗೇ ಸಾಲದು. ಆದರೂ ಗೋಡೆಯ ಕಡೆಗೆ ಸರಿದು, ನನ್ನ ಕೂಸು ಗುಬ್ಬಿಗೆ ಜಾಗ ಬಿಟ್ಟೇ ಮಲಗುತ್ತೇನೆ.

ಮತ್ತೆ ಹೇಳುತ್ತೇನೆ, ಬೈಯಬೇಡ. ನನ್ನ ನೀಲಿ ಸ್ವೆಟರು ಒಗೆಯಬೇಡ, ಅಕ್ಕ. ಅವನನ್ನು ಮಲಗಿಸುವಾಗ ಅದನ್ನು ನೀನು ಹಾಕಿಕೋ. ಮೇಲಿನ ಗುಂಡಿ ತಿರುಗಿಸುತ್ತಾ ತಿರುಗಿಸುತ್ತಾ ನಿದ್ದೆ ಹೋಗುತ್ತಾನೆ, ತಿರುಗಿಸಲಿ ಬಿಡು. ವಾಸನೆ ನನ್ನದು, ಗುಂಡಿ ನನ್ನದು, ದನಿಯಂತೂ ನಮ್ಮಿಬ್ಬರದೂ ಒಂದೇ. ಬಾಗಿಲಾಚೆಯಿಂದ ಭಾವನೇ ಎಷ್ಟು ಸಲ ಮೋಸ ಹೋಗಿಲ್ಲ! ಕಣ್ಣು ಮುಚ್ಚಿದರೆ ಅವನಿಗೆ ನಾನೇ ಪಕ್ಕದಲ್ಲಿದ್ದ ಹಾಗಿರಬೇಕು.

ಅವನಿಗೆ ವರ್ಷ ತುಂಬಿ ಈಗಷ್ಟೇ ಎರಡು ತಿಂಗಳು. ನಾನು ಹೊರಡುವಾಗ 'ಮಮ್ಮು' ಅನ್ನುತ್ತಿದ್ದ, ಕರೆದದ್ದು ನನ್ನನ್ನೋ ಅನ್ನವನ್ನೋ ದೇವರಿಗೇ ಗೊತ್ತು. ಅವನ ಅಪ್ಪ ಎನಿಸಿಕೊಂಡವನು ಬೆನ್ನು ತಿರುಗಿಸಿ ಹೋದ ಮೇಲೆ ಈ ಸರ್ಟಿಫಿಕೇಟೊಂದೇ ನಮ್ಮಿಬ್ಬರಿಗೂ ದಾರಿ. ಅದೇನೋ ಸಿಗುತ್ತದೆ. ಆದರೆ ವಾಪಸ್ ಬಂದಾಗ ಗುಬ್ಬಿ ನನ್ನನ್ನು ನೋಡಿ ಅಮ್ಮ ಅನ್ನದಿದ್ದರೆ ಅದನ್ನು ಗೋಡೆಗೆ ತೂಗುಹಾಕಿಕೊಂಡು ಏನು ಮಾಡಲಿ?

ನಿನ್ನ ತಂಗಿ


ಸೆಪ್ಟೆಂಬರ್ ೨೯

ಮರೀ,

ನಿನ್ನ ಕಾಗದವನ್ನು ಭಾವ ಅರ್ಧ ಡಿಪೋದಲ್ಲಿ, ಅರ್ಧ ಮನೆಯಲ್ಲಿ ಓದಿದರು. ಡ್ರೈವರುಗಳಿಗೆಲ್ಲ ಈಗ ನಿನ್ನ ಬೀಗದ ಕೈಯ ಕಥೆ ಬಾಯಿಪಾಠ.

ಮೊದಲ ವಾರ ಗುಬ್ಬಿ ಅತ್ತ. ಅಳಲಿಲ್ಲ ಎಂದು ಬರೆದರೆ ನೀನು ನಂಬುವವಳಲ್ಲ. ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದ, ನಿಂತಲ್ಲೇ ನಿದ್ದೆಗೆ ಜಾರುತ್ತಿದ್ದ. ಆಮೇಲೆ ನೀನು ಹೇಳಿದ ಉಪಾಯ ಮಾಡಿದೆ. ನಿನ್ನ ಸ್ವೆಟರಿಗೂ ನನ್ನ ಮೈಗೂ ಆಗಿಬರುವುದಿಲ್ಲ ಕಣೇ, ದಿಂಬಿಗೆ ಎರಡು ಸೈಜ್ ಚಿಕ್ಕ ಕವರು ತೊಡಿಸಿದ ಹಾಗಿದೆ. ಭಾವ ನೋಡಿ, "ಒಳಗೆ ಜಾಗ ಇಲ್ಲ, ಹಿಂದಿನ ಬಸ್ಸಿಗೆ ಬನ್ನಿ" ಅಂದರು. ಅವರ ಕಂಡಕ್ಟರ್ ಬುದ್ಧಿ ಮನೆಯಲ್ಲೂ ಬಿಡುವುದಿಲ್ಲ.

ಆದರೆ ಉಪಾಯ ಫಲಿಸಿತು. ಅವನು ಎದೆಗೆ ಮೂಗು ಒತ್ತಿ ಮೂಸಿದ, ಗುಂಡಿ ಹುಡುಕಿದ, ತಿರುಗಿಸಿದ, ಮಲಗಿದ. ನಾನು ಅಲುಗಾಡಲೇ ಇಲ್ಲ. ತೋಳು ಮರಗಟ್ಟಿತು, ಮರಗಟ್ಟಲಿ ಎಂದು ಬಿಟ್ಟೆ. ಮದುವೆಯಾಗಿ ಇಷ್ಟು ವರ್ಷವಾದರೂ ಹಾಗೆ ಮರಗಟ್ಟುವ ಯೋಗ ನನ್ನ ತೋಳಿಗೆ ಬಂದಿರಲಿಲ್ಲವಲ್ಲ.

ನಿನ್ನ ಫೋಟೊ ಅಂಗಡಿಯಲ್ಲಿ, ಹೊಲಿಗೆ ಮೆಷಿನ್ನಿನ ಮೇಲಿನ ಗೋಡೆಗೆ ಹಾಕಿದ್ದೇನೆ. ದಿನಾ ಸಂಜೆ ಅಂಗಡಿ ಮುಚ್ಚುವಾಗ ಅವನನ್ನು ಎತ್ತಿ ತೋರಿಸಿ, "ಟಾಟಾ ಮಾಡು, ಟಾಟಾ ಮಾಡು" ಅನ್ನುತ್ತೇನೆ. ಬಸ್ಸಿನ ಕಿಟಕಿಯಿಂದ ನೀನು ಕೈ ಬೀಸಿದ್ದು ನೆನಪಿದೆಯೋ ಏನೋ, ಜೋರಾಗಿ ಬೀಸುತ್ತಾನೆ. ಮರೆಯಲು ನಾನು ಬಿಟ್ಟರೆ ತಾನೇ? ನೀನು ಓದಿಕೋ.

ನಿನ್ನ ಅಕ್ಕ


ಅಕ್ಟೋಬರ್ ೨೦

ಅಕ್ಕ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿದಿದೆ.

ಇಲ್ಲಿ ಬಸ್ಸಿಗೆ ಕಾಯುವವರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಇರುತ್ತದೆ. ಇವರು ಯಾರಿಗೋ ಜಾಗ ಹಿಡಿದಿದ್ದಾರೆಂದು ನಾನು ತಿಳಿದಿದ್ದೆ. ಒಂದು ದಿನ ಚಳಿಗೆ ಒಬ್ಬಾಕೆಯ ಪಕ್ಕಕ್ಕೆ ಒತ್ತಿ ನಿಂತೆ. ಆಕೆ ಸರಿದರು. ನನಗೆ ಜಾಗ ಮಾಡಿಕೊಡುತ್ತಿದ್ದಾರೆಂದು ನಾನೂ ಸರಿದೆ. ಆಕೆ ಮತ್ತೆ ಸರಿದರು. ಬಸ್ ಬರದಿದ್ದರೆ ಹೀಗೇ ಸರಿಯುತ್ತಾ ಇಬ್ಬರೂ ಮುಂದಿನ ಸ್ಟಾಪ್ ಮುಟ್ಟುತ್ತಿದ್ದೆವು.

ಶಿಶುವಿಹಾರದಲ್ಲಿ ಬೈಸಿಕೊಂಡೆ. ಕೆಂಪು ಟೋಪಿಯ ಒಬ್ಬ ಹುಡುಗ ಬಾಗಿಲಲ್ಲಿ ಅಳುತ್ತಿದ್ದ, ಹೆಚ್ಚುಕಡಿಮೆ ನಮ್ಮ ಗುಬ್ಬಿಯ ವಯಸ್ಸು. ನನಗೆ ತಡೆಯಲಾಗಲಿಲ್ಲ, ಬಾಚಿ ಎತ್ತಿಕೊಂಡೆ. ಅವನು ಇನ್ನಷ್ಟು ಹೆದರಿ ಕಿರುಚಿದ. ಹಿರಿಯ ಟೀಚರ್ ಅವನನ್ನು ಇಳಿಸಿ ನನಗೆ ಬುದ್ಧಿ ಹೇಳಿದರು. "ಮಗುವಿಗೆ ನೀನಿನ್ನೂ ಯಾರೂ ಅಲ್ಲ. ಯಾರೂ ಅಲ್ಲದವರು ಎತ್ತಿಕೋಬಾರದು" ಅಂದರು. ಹೊಸಬರು ಗೋಡೆಗೆ ಒರಗಿ ನೆಲದ ಮೇಲೆ ಕೂರಬೇಕಂತೆ. ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಳ್ಳಬೇಕು. ಕರೆಯಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಮಗು ಬಂದಾಗ ಬರುತ್ತದೆ. ಕಂಡ ಮಕ್ಕಳ ಕೆನ್ನೆಯನ್ನೆಲ್ಲ ಹಿಂಡುವ ನಮ್ಮಂಥವರಿಗೆ ಇದೊಂದು ಶಿಕ್ಷೆ. ಕೂತಿದ್ದೇನೆ, ಕಾಗದದ ದೋಣಿ ಮಡಿಸುತ್ತಾ.

ಇನ್ನೊಂದು ನಿಯಮವಿದೆ. ಬಿಟ್ಟುಹೋಗುವವರು ಮಗುವಿನ ಕಣ್ಣು ತಪ್ಪಿಸಿ ಹೋಗಬಾರದು. ಅತ್ತರೂ ಸರಿ, ಎದುರಿಗೇ ಕೈ ಬೀಸಿ ಹೋಗಬೇಕು. ಕದ್ದು ಹೋದರೆ ಮಗು ದಿನವಿಡೀ ಬಾಗಿಲನ್ನೇ ಕಾಯುತ್ತದಂತೆ. ನಾನು ಕೈ ಬೀಸಿಯೇ ಬಂದೆನಲ್ಲ, ಅಷ್ಟಾದರೂ ಸರಿಯಾಗಿ ಮಾಡಿದೆ ಎಂದು ಸಮಾಧಾನವಾಯಿತು.

ಅವನು ಈಗ ಏನೇನು ಮಾತಾಡುತ್ತಾನೆ? ಅಮ್ಮ ಅನ್ನುತ್ತಾನಾ? ಮರೆಯದೆ ಬರೆ.

ತಂಗಿ


ನವೆಂಬರ್ ೧೨

ಮರೀ,

ಶಾಲೆಯ ಯೂನಿಫಾರಂ ಹೊಲಿಗೆ ತಲೆಯ ಮೇಲೆ ಕೂತಿದೆ, ಉದ್ದ ಬರೆಯಲು ಬಿಡುವಿಲ್ಲ.

ಗುಬ್ಬಿಗೆ ಮಾತು ಬರುತ್ತಿದೆ. ಕಾಗೆ, ಬೇಡ, ಬಿಸಿ. ಭಾವನಿಂದ ಕಲಿತದ್ದು "ರೈಟ್ ರೈಟ್". ಅನ್ನದ ತುತ್ತು ಬಾಯಿಗೆ ಹೋದ ಮೇಲೆ ಎರಡು ಸಲ ತಟ್ಟೆ ಬಡಿದು "ರೈಟ್" ಅಂದರೆ ಮಾತ್ರ ಮುಂದಿನ ತುತ್ತು. ಅಷ್ಟು ಶಿಸ್ತಾಗಿ ನಿನ್ನ ಭಾವನ ಬಸ್ಸೂ ಹೋಗುವುದಿಲ್ಲ. ಕತ್ತರಿಸಿದ ಬಟ್ಟೆಯ ಚೂರುಗಳನ್ನೆಲ್ಲ ತಲೆಯ ಮೇಲೆ ಹಾಕಿಕೊಂಡು ಅಂಗಡಿ ತುಂಬ ಮೆರವಣಿಗೆ ಹೋಗುತ್ತಾನೆ.

ಅಮ್ಮ ಅನ್ನುತ್ತಾನೆ. ಸ್ಪಷ್ಟವಾಗಿ ಅನ್ನುತ್ತಾನೆ. ಕಣ್ಣು ಬಿಟ್ಟ ಕೂಡಲೇ, ಬಿದ್ದಾಗ, ಹಸಿವಾದಾಗ, ಏನೂ ಇಲ್ಲದಿದ್ದಾಗಲೂ ಸುಮ್ಮನೆ. ಕೇಳಿದೆಯಲ್ಲ, ಬರೆದಿದ್ದೇನೆ.

ಚಳಿ ಜೋರಾಗಿದ್ದರೆ ಕಿವಿಗೆ ಬಟ್ಟೆ ಕಟ್ಟಿಕೋ.

ಅಕ್ಕ


ಡಿಸೆಂಬರ್ ೩

ನನ್ನ ಚಿನ್ನದಂಥ ಅಕ್ಕ,

ಆ ಕಾಗದ ಹಿಡಿದು ಮೆಟ್ಟಿಲ ಮೇಲೇ ಕೂತು ಅತ್ತೆ. ಈ ಸಲ ಬೀಗದ ಕೈ ಕೊರಳಲ್ಲೇ ಇತ್ತು. ಮನೆಯ ಒಡತಿ ನೋಡಿ ಹೆದರಿ ಒಳಗೆ ಕರೆದು ಕೂರಿಸಿದರು. ಅವತ್ತೇ ಮೊದಲು ಅವರ ಅಡುಗೆಮನೆ ನೋಡಿದ್ದು. ಒಂದೇ ಕುರ್ಚಿ, ಒಂದೇ ತಟ್ಟೆ, ಒಂದೇ ಲೋಟ. ನನಗಾಗಿ ಬೀರುವಿನ ಒಳಗಿನಿಂದ ಇನ್ನೊಂದು ಲೋಟ ತೆಗೆದು, ಒರೆಸಿ, ಬಿಸಿ ಹಾಲು ಕೊಟ್ಟರು. ಆಗ ಎಲ್ಲ ಹೇಳಿಬಿಟ್ಟೆ. ನನಗೊಬ್ಬ ಮಗ ಇದ್ದಾನೆ, ಅಕ್ಕನ ಹತ್ತಿರ ಬಿಟ್ಟುಬಂದಿದ್ದೇನೆ, ಈಗ ಅವನು ಅಮ್ಮ ಅನ್ನುತ್ತಿದ್ದಾನೆ ಅಂದೆ.

ಅವರು ಹಾಲಿನ ಪಾತ್ರೆ ಕೆಳಗಿಟ್ಟು, "ಯಾರನ್ನ ನೋಡಿ?" ಅಂದರು.

ಎಂಥ ಪ್ರಶ್ನೆ ನೋಡು! ನನ್ನ ಫೋಟೊ ನೋಡಿ, ಇನ್ಯಾರನ್ನ ಅಂದೆ. ಅವರು ತಲೆಯಾಡಿಸಿ ಲೋಟ ತೊಳೆಯಲು ಎದ್ದರು. ಒಂಟಿಯಾಗಿದ್ದು ಅಭ್ಯಾಸವಾದವರು, ಇನ್ನೊಬ್ಬರ ಸಂತೋಷ ಬೇಗ ಅರ್ಥವಾಗುವುದಿಲ್ಲವೇನೋ.

ಹೊಸ ವರ್ಷದ ಮೊದಲ ಭಾನುವಾರ ಮಧ್ಯಾಹ್ನ ನಿನ್ನ ಅಂಗಡಿ ಪಕ್ಕದ ಮೆಡಿಕಲ್ ಸ್ಟೋರಿನ ಫೋನಿಗೆ ಮಾಡುತ್ತೇನೆ. ಗುಬ್ಬಿಯನ್ನು ಕರೆದುಕೊಂಡು ಬಂದಿರು. ಏನೂ ಬೇಡ, ಆ ಒಂದು ಮಾತು ನನ್ನ ಕಿವಿಗೆ ಬಿದ್ದರೆ ಸಾಕು. ಕೆಂಪು ಟೋಪಿ ಈಗ ನನ್ನ ದೋಣಿಗಳನ್ನು ಒಂದೊಂದಾಗಿ ಕದ್ದೊಯ್ಯುತ್ತಾನೆ. ಗೋಡೆಗೆ ಒರಗಿದ್ದು ದಂಡವಾಗಲಿಲ್ಲ.

ತಂಗಿ


ಜನವರಿ ೮

ಮರೀ,

ಫೋನಿನಲ್ಲಿ ಗೊರಗೊರ ಸದ್ದು ಜಾಸ್ತಿ ಇತ್ತು, ಅದಕ್ಕೇ ಅವನು ಮಾತಾಡಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ದನಿ ಕೇಳಿ ಗುರುತು ಹಿಡಿದ.

ಸ್ವೆಟರಿನ ಮೇಲಿನ ಗುಂಡಿ ಕಿತ್ತುಬಂದಿತ್ತು, ಅದನ್ನೇ ಮತ್ತೆ ಗಟ್ಟಿಯಾಗಿ ಹಾಕಿದ್ದೇನೆ. ಮೊಣಕೈ ಹತ್ತಿರ ಸಡಿಲವಾಗಿದೆ.

ಕೆಲಸ ಬಹಳ. ಆಮೇಲೆ ಬರೆಯುತ್ತೇನೆ.

ಅಕ್ಕ


ಫೆಬ್ರವರಿ ೨

ಅಕ್ಕ,

ಇಲ್ಲಿ ಬೆಳಕು ಬಂದಂತೆ ಮಾಡಿ ಹೋಗಿಬಿಡುತ್ತದೆ. ಮಕ್ಕಳನ್ನು ಕರೆದೊಯ್ಯಲು ಬರುವವರು ಕತ್ತಲಲ್ಲೇ ಬರುತ್ತಾರೆ, ಕೋಟಿನ ಮೇಲೆ ಚಳಿ ಹೊತ್ತುಕೊಂಡು.

ನಿನ್ನೆಯದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಕೆಂಪು ಟೋಪಿಯ ಅಮ್ಮ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ, ಪಾಪ, ದಿನಾ ಓಡುತ್ತಲೇ ಬರುತ್ತಾಳೆ. ನಿನ್ನೆ ಬಂದು ಬಾಗಿಲಲ್ಲಿ ಕೂತು ಎರಡೂ ಕೈ ಚಾಚಿದಳು. ಅವನು ಹೋಗಲಿಲ್ಲ. ನನ್ನ ಹಿಂದೆ ಬಂದು, ನನ್ನ ಲಂಗದಲ್ಲಿ ಮುಖ ಮುಚ್ಚಿಕೊಂಡ. ಅವಳು ಕರೆದಳು. ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಅವಳು ನಕ್ಕು, "ನಿಮ್ಮನ್ನ ಹಚ್ಚಿಕೊಂಡಿದ್ದಾನೆ" ಅಂದಳು. ಕೈಗವಸು ಹಾಕಿಕೊಳ್ಳಲು ಹೋದಳು, ಬೆರಳು ತೂರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಅದನ್ನು ಜೇಬಿಗೆ ತುರುಕಿಕೊಂಡಳು.

ಅಕ್ಕ, ನಿನ್ನ ಮುಂದೆ ಏನು ಮುಚ್ಚಿಡಲಿ. ಅವಳ ಮುಖ ನೋಡುವ ಮುಂಚೆ ಒಂದು ಕ್ಷಣ ನನಗೆ ಖುಷಿಯಾಯಿತು. ಒಂದು ಪುಟ್ಟ ಕೈ ನನ್ನನ್ನೇ ಆರಿಸಿಕೊಂಡಿತಲ್ಲ ಎಂದು ಮೈಯೆಲ್ಲ ಬೆಚ್ಚಗಾಯಿತು. ಆಮೇಲೆ ಆ ಬೆರಳುಗಳನ್ನು ನೋಡಿದೆ. ಇನ್ನೊಬ್ಬಳ ಮಗುವಿನ ಮೇಲೆ ಆಸೆ ಹುಟ್ಟುವುದು ಎಷ್ಟು ಸುಲಭ! ಹುಟ್ಟಿದ್ದು ಗೊತ್ತೇ ಆಗುವುದಿಲ್ಲ.

ಗುಬ್ಬಿ ಹೇಗಿದ್ದಾನೆ? ನಿನ್ನ ಕಾಗದಗಳು ಈಚೆಗೆ ತುಂಬ ಚಿಕ್ಕದಾಗುತ್ತಿವೆ.

ತಂಗಿ


ಮಾರ್ಚ್ ೧೮

ಅಕ್ಕ,

ಯಾಕೆ ಬರೆದಿಲ್ಲ? ಗುಬ್ಬಿಗೆ ಹುಷಾರಿಲ್ಲವಾ? ನಿನಗೆ? ಏನಿದ್ದರೂ ಬರೆ. ಬರೆಯದಿದ್ದರೆ ನಾನೇ ಏನೇನೋ ಕಲ್ಪಿಸಿಕೊಳ್ಳುತ್ತೇನೆ.

ತಂಗಿ


ಏಪ್ರಿಲ್ ೧೧

ಮರೀ,

ನಿನಗೆ ಯಾರು ಬರೆದರು? ಮೆಡಿಕಲ್ ಸ್ಟೋರಿನವರಾ? ಕೆಂಪು ಟೋಪಿಯ ಕಥೆ ಹೇಳಿ ನನಗೆ ತಿವಿಯಬೇಕಾಗಿರಲಿಲ್ಲ. ನೇರವಾಗಿ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಇಲ್ಲ, ಹೇಳುತ್ತಿರಲಿಲ್ಲ. ಅದೂ ನಿಜವೇ.

ಗುಬ್ಬಿ ಅಮ್ಮ ಅನ್ನುವುದು ನನ್ನನ್ನು.

ಮೊದಲ ಸಲ ಅಂದದ್ದು ಅಂಗಡಿಯಲ್ಲಿ. ಗಿರಾಕಿಯೊಬ್ಬರ ಅಳತೆ ತೆಗೆಯುತ್ತಿದ್ದೆ. ಹಿಂದಿನಿಂದ ಬಂದು ಸ್ವೆಟರು ಎಳೆದು ಕರೆದ. ಟೇಪು ಅವರ ಭುಜದ ಮೇಲೇ ಬಿಟ್ಟು, "ನಾಳೆ ಬನ್ನಿ" ಅಂತ ಅವರನ್ನು ಕಳಿಸಿಬಿಟ್ಟೆ. ಬಾಗಿಲು ಹಾಕಿಕೊಂಡೆ. ಅವನ ಮುಂದೆ ಮಂಡಿಯೂರಿ, "ಏನಂದೆ? ಇನ್ನೊಂದ್ಸಲ ಹೇಳು" ಅಂದೆ. ಹೇಳಿದ. ಮತ್ತೆ ಹೇಳಿಸಿಕೊಂಡೆ. "ಅಲ್ಲ ಕಣೋ, ನಾನು ದೊಡ್ಡಮ್ಮ" ಅಂತ ತಿದ್ದಬೇಕಿತ್ತು. ತಿದ್ದಲಿಲ್ಲ.

ನಿನ್ನ ವಾಸನೆ ಸ್ವೆಟರಿನಲ್ಲಿ ಉಳಿಯಲಿಲ್ಲ ಕಣೇ. ನಾನು ದಿನಾ ಹಾಕಿಕೊಂಡು ಹಾಕಿಕೊಂಡು ಅದು ನನ್ನದಾಯಿತು, ಮೆಷಿನ್ ಎಣ್ಣೆಯದಾಯಿತು. ಅವನು ಮೂಸುವುದು ಈಗ ನನ್ನನ್ನೇ. ನಾವಿಬ್ಬರೂ ಕೂತು ಹೂಡಿದ ಉಪಾಯ ಇದು. ನಿನ್ನನ್ನು ಮರೆಯದಿರಲಿ ಅಂತ ನಾನು ನಿನ್ನ ವೇಷ ಹಾಕಿದೆ, ಅವನು ವೇಷವನ್ನೇ ಅಮ್ಮ ಅಂದುಕೊಂಡ.

ಫೋನ್ ಬಂದ ದಿನ ಸದ್ದಿನ ತೊಂದರೆಯೇನೂ ಇರಲಿಲ್ಲ. ನಿನ್ನ ದನಿ ಕೇಳಿ ಅವನು ನನ್ನ ಬಾಯಿ ನೋಡಿದ. ಬಾಯಿ ಮುಚ್ಚಿತ್ತು. ಬೆರಳಿನಿಂದ ನನ್ನ ತುಟಿ ಬಿಡಿಸಿ ಒಳಗೆ ನೋಡಿದ. ಆಮೇಲೆ ಹೆದರಿ ನನ್ನ ಕೊರಳಲ್ಲಿ ಮುಖ ಹುದುಗಿಸಿದ. ಆ ಕಡೆಯಿಂದ ನೀನು 'ಗುಬ್ಬಿ, ಗುಬ್ಬಿ' ಅನ್ನುತ್ತಲೇ ಇದ್ದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನ ಫೋಟೊವನ್ನು ಅವನು ಟಾಟಾ ಅನ್ನುತ್ತಾನೆ. ದಿನಾ ಎತ್ತಿ ತೋರಿಸಿ ಟಾಟಾ ಮಾಡಿಸಿದೆನಲ್ಲ, ಅದೇ ನಿನ್ನ ಹೆಸರು ಅಂದುಕೊಂಡಿದ್ದಾನೆ.

ನಿನ್ನ ಫೆಬ್ರವರಿಯ ಕಾಗದ ಬಂದ ದಿನ ಸ್ವೆಟರು ಬಿಚ್ಚಿ ಒಗೆದುಬಿಟ್ಟೆ. ಅಮ್ಮ ಅಂದರೆ ತಿರುಗಬಾರದು ಎಂದು ಶಪಥ ಮಾಡಿದೆ. ಮೆಷಿನ್ ತುಳಿಯುತ್ತಾ ಕೂತೆ. ಅಮ್ಮ, ಅಮ್ಮ, ಅಮ್ಮ. ಗಂಟಲು ಕಟ್ಟುವವರೆಗೆ ಕರೆದ, ಆಮೇಲೆ ನಿಲ್ಲಿಸಿದ. ತಿರುಗಿ ನೋಡಿದರೆ ಗೋಡೆಗೆ ಮುಖ ಮಾಡಿ, ತನ್ನ ಅಂಗಿಯದೇ ಗುಂಡಿ ತಿರುಗಿಸುತ್ತಾ ನಿಂತಿದ್ದ. ನನ್ನಿಂದಾಗಲಿಲ್ಲ, ಮರೀ. ಓಡಿಹೋಗಿ ಎತ್ತಿಕೊಂಡೆ.

ನಿನ್ನ ಮಗ ನಿನ್ನವನೇ. ನೀನು ಏನು ಹೇಳಿದರೂ ಕೇಳುತ್ತೇನೆ.

ಅಕ್ಕ


ಏಪ್ರಿಲ್ ೨೯

ಅಕ್ಕ,

ಒಗೆದುಬಿಟ್ಟೆಯಾ? ಬಸ್ ಹತ್ತುವಾಗಲೂ ಅದೊಂದನ್ನೇ ಬೇಡಿಕೊಂಡಿದ್ದೆ.

ನನಗೆ ಯಾರೂ ಏನೂ ಬರೆದಿರಲಿಲ್ಲ. ಕೆಂಪು ಟೋಪಿಯ ವಿಷಯ ಅಕ್ಕನೆಂದು ನಂಬಿ ಹೇಳಿಕೊಂಡದ್ದು. ನಾನಿಲ್ಲಿ ಕಂಡವರ ಮಕ್ಕಳ ಮೂಗು ಒರೆಸುತ್ತಿರುವಾಗ ನೀನಲ್ಲಿ ಬಾಗಿಲು ಹಾಕಿಕೊಂಡು ನನ್ನ ಮಗನಿಂದ ಅಮ್ಮ ಅನ್ನಿಸಿಕೊಳ್ಳುತ್ತಿದ್ದೆ. ನಾನು ಅದನ್ನೇ ಓದಿ ಮೆಟ್ಟಿಲ ಮೇಲೆ ಕೂತು ಆನಂದದಿಂದ ಅತ್ತೆ. ಎಂಥ ಪೆದ್ದಿ ನಾನು! ಯಾರನ್ನ ನೋಡಿ ಎಂದು ಮನೆಯ ಒಡತಿ ಕೇಳಿದ್ದರು, ಅವರಿಗೆ ಗೊತ್ತಾಯಿತು, ನನಗೆ ಗೊತ್ತಾಗಲಿಲ್ಲ.

ನಿನಗೆ ಮಕ್ಕಳಾಗದಿದ್ದದ್ದು ನನ್ನ ತಪ್ಪಲ್ಲ. ಜೂನ್ ೨೫ರ ಸಂಜೆ ಬರುತ್ತೇನೆ. ನನ್ನ ಮಗನನ್ನು ನನಗೆ ಕೊಟ್ಟುಬಿಡು.


ಜೂನ್ ೯

ಅಕ್ಕ,

ನೀನು ಉತ್ತರ ಬರೆಯಲಿಲ್ಲ. ಬರೆಯುವಂಥದ್ದನ್ನು ನಾನೂ ಬರೆದಿರಲಿಲ್ಲ. ಆ ಕಾಗದದ ಕೊನೆಯ ಸಾಲುಗಳು ನೆನಪಾದರೆ ಊಟ ಇಳಿಯುವುದಿಲ್ಲ. ಅಂಚೆ ಡಬ್ಬಿಗೆ ಹಾಕಿದ ಮರುಗಳಿಗೆಯೇ ವಾಪಸ್ ಎಳೆದುಕೊಳ್ಳೋಣ ಅನ್ನಿಸಿತ್ತು, ಆದರೂ ಜಂಬ ಬಿಡಲಿಲ್ಲ. ಇಷ್ಟು ವಾರ ಸಿಟ್ಟನ್ನೇ ಹೊದ್ದುಕೊಂಡು ಕೂತಿದ್ದೆ.

ಹಿರಿಯ ಟೀಚರಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. "ಅವನಿಗೆ ಅಮ್ಮ ಇಲ್ಲದ ಒಂದು ದಿನವೂ ಇರಲಿಲ್ಲ. ಇದರಲ್ಲಿ ಅಳೋದು ಏನಿದೆ?" ಅಂದರು. ಅಳುವುದು ಬೇಕಾದಷ್ಟಿದೆ ಅಂದೆ. ಹೌದು, ಆದರೆ ಅದು ನಿನ್ನದು, ಅವನದಲ್ಲ ಅಂದರು.

ಅಕ್ಕ, ಮಗುವಿಗೆ ವರ್ಷವೆಲ್ಲ ಒಂದು ಕೈ ಬೇಕಿತ್ತು. ನೀನು ಕೊಟ್ಟೆ. ಅದಕ್ಕೆ ನಾನು ಕೊಟ್ಟ ಬಹುಮಾನ ಆ ಕಾಗದ. ನನ್ನನ್ನು ಕ್ಷಮಿಸು.

ನಾನು ಬಂದಾಗ ಅವನನ್ನು ನನ್ನ ಕೈಗೆ ಕೊಡಬೇಡ. ನಿನ್ನ ಸೊಂಟದ ಮೇಲೇ ಇರಲಿ. ನಾನು ಅಂಗಡಿಯ ಗೋಡೆಗೆ ಒರಗಿ ಕೂರುತ್ತೇನೆ, ಬಟ್ಟೆಯ ಚೂರುಗಳನ್ನು ಮಡಿಸುತ್ತಾ. ಕರೆಯುವುದಿಲ್ಲ. ಎಷ್ಟು ದಿನವಾದರೂ ಆಗಲಿ. ನೀನು ಮಾತ್ರ ಎಲ್ಲಿಗೂ ಹೋಗಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ದೊಡ್ಡ ಮನಸ್ಸು ಮಾಡಿ ಪಕ್ಕಕ್ಕೆ ಸರಿದುಬಿಡುತ್ತೀಯ. ಸರಿಯಬೇಡ. ಈ ಕಾಗದ ನನಗಿಂತ ಮುಂಚೆ ನಿನ್ನ ಕೈ ಸೇರಲಿ.

ನಿನ್ನ ತಂಗಿ


ಜೂನ್ ೨೫

ಮರೀ,

ಇದನ್ನು ಮೆಷಿನ್ನಿನ ಮೇಲೆ ಇಟ್ಟು ಹೊರಡುತ್ತಿದ್ದೇನೆ. ಭಾವ ಕೇಳಿಕೊಂಡು ದೂರದ ಡಿಪೋಗೆ ವರ್ಗ ಮಾಡಿಸಿಕೊಂಡಿದ್ದಾರೆ. ಮಧ್ಯಾಹ್ನದ ಬಸ್ಸು. ಗುಬ್ಬಿ ಮಲಗಿದ್ದಾನೆ, ಎದ್ದರೆ ನೋಡಿಕೊಳ್ಳಲು ಮೆಡಿಕಲ್ ಸ್ಟೋರಿನ ಅಜ್ಜಿ ಬಂದು ಕೂತಿದ್ದಾರೆ. ಸಂಜೆಗೆ ನೀನು ಬರುತ್ತೀಯಲ್ಲ.

ನಾನು ಎದುರಿಗಿದ್ದರೆ ಅವನು ನಿನ್ನ ಹತ್ತಿರ ಬರುವುದಿಲ್ಲ. ನಿನ್ನ ಕೆಂಪು ಟೋಪಿಯ ಅಮ್ಮನ ಹಾಗೆ ನೀನು ಬಾಗಿಲಲ್ಲಿ ಕೈ ಚಾಚಿ ಕೂರುವುದನ್ನು ನಾನು ನೋಡಲಾರೆ.

ಅನ್ನ ಮೆತ್ತಗಿರಬೇಕು. ತಟ್ಟೆ ಬಡಿದು ರೈಟ್ ಅನ್ನದೆ ಮುಂದಿನ ತುತ್ತು ಕೊಡಬೇಡ. ಸ್ವೆಟರು ಮಂಚದ ಮೇಲಿದೆ.

ನಿನ್ನ ಹಿರಿಯ ಟೀಚರ್ ಹೇಳಿದ್ದನ್ನು ಮರೆತಿಲ್ಲ. ಕದ್ದು ಹೋಗಬಾರದು, ಕೈ ಬೀಸಿಯೇ ಹೋಗಬೇಕು. ಹಾಗೇ ಮಾಡೋಣವೆಂದು ಬೆಳಿಗ್ಗೆ ಅವನು ಎಚ್ಚರವಿದ್ದಾಗ ಬಾಗಿಲವರೆಗೆ ಹೋದೆ. ಕೈ ಎತ್ತಿದರೆ ನಾನೂ ಅವನಿಗೆ ಟಾಟಾ ಆಗಿಬಿಡುತ್ತೇನೆ. ಅಷ್ಟು ಗಟ್ಟಿ ಎದೆ ನನಗಿಲ್ಲ, ಮರೀ. ಮಲಗಿದ ಮೇಲೆ ಹೊರಟೆ.

ಅಕ್ಕ


ಜುಲೈ ೨

ಅಕ್ಕ,

ಭಾವನ ಹಳೆ ಡಿಪೋದಲ್ಲಿ ಕಾಡಿ ಬೇಡಿ ನಿಮ್ಮ ವಿಳಾಸ ತೆಗೆದುಕೊಂಡೆ. ಡ್ರೈವರೊಬ್ಬರು ನನ್ನನ್ನು ನೋಡಿ, "ಬೀಗದ ಕೈ ತಂಗಿ ಅಲ್ವಾ?" ಅಂದರು. ನಗಲೂ ಆಗಲಿಲ್ಲ.

ಜೂನ್ ಒಂಬತ್ತರಂದು ನಿನಗೆ ಬರೆದ ಕಾಗದವನ್ನು ಪೋಸ್ಟ್‌ಮ್ಯಾನ್ ಮೊನ್ನೆ ತಂದು ನನ್ನ ಕೈಗೇ ಕೊಟ್ಟರು. ಒಡೆಯದೆ ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಅವತ್ತು ಸಂಜೆ ಅಜ್ಜಿ ಗುಬ್ಬಿಯನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅತ್ತು ಅತ್ತು ಅವನ ಮುಖ ಊದಿತ್ತು. ನಾನು ಪೆಟ್ಟಿಗೆ ಇಳಿಸಿದೆ. ಅವನು ನನ್ನನ್ನು ಗುರುತು ಹಿಡಿದ, ಅಕ್ಕ. ಅಷ್ಟು ದಿನ ನೀನು ಫೋಟೊ ತೋರಿಸಿದ್ದು ವ್ಯರ್ಥವಾಗಲಿಲ್ಲ. ಕಣ್ಣರಳಿಸಿ, "ಟಾಟಾ!" ಅಂತ ಕೂಗಿ ಕೈ ಬೀಸಿದ. ಬೀಸುತ್ತಲೇ ಇದ್ದ. ಕೈ ಬೀಸಿದರೂ ಇವಳು ಯಾಕೆ ಹೋಗುತ್ತಿಲ್ಲ ಎಂದು ಅವನಿಗೆ ಆಶ್ಚರ್ಯ.

'ಗುಬ್ಬೀ' ಅಂದೆ. ಆ ದನಿ ಕೇಳಿದ್ದೇ ತಡ, ಅಜ್ಜಿಯ ತೋಳಿನಿಂದ ಜಾರಿ ಒಳಗೆ ಓಡಿದ. ಮೆಷಿನ್ ಹಿಂದೆ, ಬಾಗಿಲ ಹಿಂದೆ, ಬಟ್ಟೆಯ ರಾಶಿಯ ಕೆಳಗೆ ನಿನ್ನನ್ನು ಹುಡುಕಿದ. ನಾನು ಮಾತಾಡಿದಾಗಲೆಲ್ಲ ನೀನು ಬಂದೆ ಅಂದುಕೊಳ್ಳುತ್ತಾನೆ. ಅದಕ್ಕೇ ಈಗ ಮನೆಯಲ್ಲಿ ಪಿಸುಮಾತಿನಲ್ಲೇ ಮಾತಾಡುತ್ತೇನೆ. ನನ್ನ ಮಗನ ಮುಂದೆ ನನ್ನ ದನಿ ಎತ್ತಲು ನನಗೆ ಭಯ.

ಸ್ವೆಟರು ಹಾಕಿಕೊಂಡೆ. ಭುಜದಿಂದ ಜಾರುತ್ತದೆ, ತೋಳು ಬೆರಳು ಮುಚ್ಚುತ್ತದೆ. ನಿನ್ನ ಮೈಗೆ ಹಿಗ್ಗಿದ್ದು ಇನ್ನು ನನ್ನ ಮೈಗೆ ಕುಗ್ಗುವುದಿಲ್ಲ. ಅದನ್ನೇ ಹಾಕಿಕೊಂಡು ಗೋಡೆಗೆ ಒರಗಿ ಕೂತೆ, ಕಲಿತು ಬಂದ ವಿದ್ಯೆ ಅದೊಂದೇ ತಾನೆ. ಕರೆಯಲಿಲ್ಲ, ನೋಡಲಿಲ್ಲ. ನಿನ್ನೆ ತಾನಾಗಿ ಹತ್ತಿರ ಬಂದ. ಎದೆಯ ಹತ್ತಿರ ನಿಂತು ಮೇಲಿನ ಗುಂಡಿ ಮುಟ್ಟಿದ. ಒಂದು ಸುತ್ತು ತಿರುಗಿಸಿದ, ತಲೆಯೆತ್ತಿ ನನ್ನ ಮುಖ ನೋಡಿದ, ಮೆಲ್ಲಗೆ ಹೇಳಿದ:

"ತೆಗಿ. ಅಮ್ಮಂದು."

ತೆಗೆದುಕೊಟ್ಟೆ. ಅದನ್ನು ಬಾಗಿಲ ಹತ್ತಿರ ಎಳೆದುಕೊಂಡು ಹೋಗಿ, ತಬ್ಬಿಕೊಂಡು, ಅಲ್ಲೇ ಮಲಗಿದ. ಇವತ್ತೂ ಅಲ್ಲೇ ಮಲಗಿದ್ದಾನೆ. ಅದನ್ನು ಯಾವತ್ತೂ ಒಗೆಯುವುದಿಲ್ಲ, ಅಕ್ಕ.

ನೀನು ವಾಪಸ್ ಬಾ. ನನ್ನ ಮಗನನ್ನು ನನಗೆ ಕೊಡಲು ಹೋಗಿ ನೀನು ಅವನಿಂದ ಇನ್ನೊಬ್ಬ ಅಮ್ಮನನ್ನೂ ಕಿತ್ತುಕೊಂಡಿದ್ದೀಯ. ಬಂದು ಅವನನ್ನು ಎತ್ತಿಕೋ. ಆಮೇಲೆ ಅವನ ಕಣ್ಣೆದುರಿಗೇ ಕೈ ಬೀಸಿ ಬೀದಿಯ ಕೊನೆಯವರೆಗೆ ಹೋಗು, ತಿರುಗಿ ಬಾ. ಮರುದಿನ ಮಾರ್ಕೆಟ್ಟಿನವರೆಗೆ ಹೋಗು, ತಿರುಗಿ ಬಾ. ಟಾಟಾ ಮಾಡಿ ಹೋದವರು ತಿರುಗಿ ಬರುತ್ತಾರೆ ಎಂದು ಅವನಿಗೆ ನಿನ್ನಿಂದಲೇ ಗೊತ್ತಾಗಬೇಕು. ಅದು ಗೊತ್ತಾದ ದಿನ, ನಾನೂ ತಿರುಗಿ ಬಂದವಳು ಎಂದು ಅವನಿಗೆ ಅರ್ಥವಾದೀತು.

ಅಮ್ಮ ಅನ್ನುವುದನ್ನು ನೀನೇ ಇಟ್ಟುಕೋ. ಅವನು ನನ್ನನ್ನು ನೋಡಿ "ಟಾಟಾ" ಅನ್ನುತ್ತಾನೆ. ನಾನು "ಓ" ಅನ್ನುತ್ತೇನೆ.

ನಿನ್ನ ತಂಗಿ